ಫಕೀರವ್ವ ಉರುಳಿಸಿದ ಮಜ್ಜಿಗೆ

ಹುಬ್ಬಳ್ಳಿಯಲ್ಲಿ ನನ್ನದೊಂದು ಟೈಲ್ಸ್ ಅಂಗಡಿ ಇದೆ. ಸಿಟ್ಟು ಮಾತ್ರ ಯಾವಾಗಲೂ ಮೂಗಿನ ತುದಿಯಲ್ಲೇ...

ಆ ಸಿಟ್ಟಿನಲ್ಲಿ ನಾನು ಒಬ್ಬ ಹೆಣ್ಣುಮಗಳ ಮೇಲೆ ಕೈ ಎತ್ತಿದೆ. ಓದಿದ ಮೇಲೆ ಬೈಯುವುದಿದ್ದರೆ ಬೈಯಿರಿ.

ಗದಗಿನ ಕಡೆ ಒಂದು ಹಳ್ಳಿ. ಅಲ್ಲಿನ ಸಮುದಾಯ ಭವನದಲ್ಲಿ ನನ್ನ ಅಕ್ಕನ ಮಗಳ ಮದುವೆ. ಊಟದ ಜವಾಬ್ದಾರಿ ಸೋದರಮಾವನಾದ ನನ್ನದು.

ಆ ಭವನ ನೋಡಿಕೊಳ್ಳುವವಳು ಫಕೀರವ್ವ. ವಯಸ್ಸು ಅರವತ್ತರ ಹತ್ತಿರ. ಸಂಬಳವಿಲ್ಲ. ಊರ ಕೆಲಸ ಎಂದುಕೊಂಡು ಹನ್ನೊಂದು ವರ್ಷದಿಂದ ಕೀಲಿ ಹಿಡಿದವಳು.

ಹಿಂದಿನ ದಿನ ಭವನ ತೋರಿಸುವಾಗಲೇ ಹೇಳಿದ್ದಳು...

"ಇಲ್ಲಿ ಪಾತ್ರಿ ಮ್ಯಾಲೆಲ್ಲಾ ದಾನ ಕೊಟ್ಟೋರ ಹೆಸರು ಐತ್ರಿ. ಪ್ಲಾಸ್ಟಿಕ್ ಡ್ರಮ್ಮಿಗೆ ನಾನ ಕೆಂಪು ಬಣ್ಣ ಬಳದೇನಿ. ಗುರ್ತು ಇಲ್ಲದ್ದು ಒಂದೂ ಊಟಕ್ಕ ಇಡಬಾರದ್ರೀ ಅಣ್ಣಾರ. ಏನರ ಕಮ್ಮಿ ಬಿದ್ರ ನನ್ನ ಕೇಳ್ರಿ."

ಕಳುವಿನ ಹೆದರಿಕೆ ಇರಬೇಕು ಎಂದು ಒಳಗೊಳಗೇ ನಕ್ಕೆ. ಈಕೆಯ ಡ್ರಮ್ಮು ಕದ್ದು ನಾನು ಟೈಲ್ಸ್ ಅಂಗಡಿಯಲ್ಲಿ ಇಟ್ಟುಕೊಳ್ಳಬೇಕಾ?

ಮರುದಿನ ಅಕ್ಷತೆ ಬಿತ್ತು. ಜನ ಅಂದಾಜಿಗಿಂತ ಹೆಚ್ಚಾದರು. ಮಜ್ಜಿಗೆಗೆ ಪಾತ್ರೆ ಸಾಲಲಿಲ್ಲ. ಫಕೀರವ್ವ ಎಲ್ಲೂ ಕಾಣಲಿಲ್ಲ. ಹುಡುಕುವಷ್ಟು ತಾಳ್ಮೆ ನನಗೆಲ್ಲಿ?

ಅಕ್ಕನ ಹೊಲದ ಮನೆಯಿಂದ ಒಂದು ಸಣ್ಣ ನೀಲಿ ಡ್ರಮ್ಮು ತರಿಸಿದೆ. ಎರಡು ಸಲ ಸೋಪು ಹಾಕಿ ತೊಳೆಸಿದೆ. ಮಜ್ಜಿಗೆ ತುಂಬಿಸಿ ಸ್ಟೂಲಿನ ಮೇಲೆ ಇಡಿಸಿದೆ.

ಮೊದಲ ಪಂಕ್ತಿ ಕೂತಿತು. ಬೀಗರೆಲ್ಲ ಮುಂದಿನ ಸಾಲಿನಲ್ಲಿ. ಅವರ ಪಕ್ಕದಲ್ಲೇ ನನ್ನ ಎಂಟು ವರ್ಷದ ಮಗಳು. ಹೋಳಿಗೆ ಆಯಿತು, ಅನ್ನ ಸಾರು ಬಂತು...

"ಅಪ್ಪಾ, ಖಾರ ಆತು... ಮಜ್ಜಿಗಿ!" ಮಗಳು ಖಾಲಿ ಲೋಟ ಎತ್ತಿ ತೋರಿಸಿದಳು.

ನಾನೇ ಜಗ್ಗು ಹಿಡಿದು ಡ್ರಮ್ಮಿಗೆ ಅದ್ದಿದೆ.

"ನಿಲ್ರೀ!"

ಹಿಂದಿನ ಬಾಗಿಲಲ್ಲಿ ಫಕೀರವ್ವ. ಸೀರೆ ಮೇಲೆತ್ತಿ ಕಟ್ಟಿದ್ದಳು, ಕೈಯಲ್ಲಿ ಕಸಬರಿಗೆ.

"ಆ ಡ್ರಮ್ಮು ಯಾರದು? ಅದಕ್ಕ ಗುರ್ತಿಲ್ಲ. ಬಡಸಬ್ಯಾಡ್ರಿ."

"ನಮ್ಮದ. ಬೀಗರ ಮುಂದ ಮರ್ಯಾದಿ ಕಳೀಬ್ಯಾಡ. ನಿನ್ನ ಡ್ರಮ್ಮಿನ ಪಂಚಾಯ್ತಿ ಆಮ್ಯಾಲೆ ನೋಡೂಣು, ಸರಿ ಆಕಡೆ."

ಜಗ್ಗು ತುಂಬಿಕೊಂಡು ಮಗಳ ಕಡೆ ಎರಡು ಹೆಜ್ಜೆ ಇಟ್ಟೆ.

ಫಕೀರವ್ವ ಓಡಿ ಬಂದು ಜಗ್ಗು ಕಿತ್ತು ಬಿಸಾಡಿದಳು. ತಿರುಗಿದವಳೇ ಭುಜ ಕೊಟ್ಟು ಡ್ರಮ್ಮನ್ನೂ ಉರುಳಿಸಿದಳು... ಮಜ್ಜಿಗೆ ಬೀಗರ ಎಲೆಗಳ ತನಕ ಹರಿಯಿತು.

ಗಂಡಿನ ತಂದೆ ಊಟ ಬಿಟ್ಟು ಎದ್ದರು. "ನಾವು ಊಟಕ್ಕ ಬಂದೇವೋ, ಅಪಮಾನಕ್ಕ ಬಂದೇವೋ? ಏಳ್ರೋ ಎಲ್ಲಾರೂ!"

ಸಾಲಿಗೆ ಸಾಲೇ ಎದ್ದಿತು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ಅಕ್ಷತೆ ಬಿದ್ದ ದಿನವೇ ಮಗಳ ಸಂಬಂಧ ಅವಳ ಕಣ್ಣೆದುರೇ ಮುರಿಯುತ್ತಿತ್ತು.

ನನ್ನ ಕೈ ಮೇಲೆ ಹೋಯಿತು...

ಫಕೀರವ್ವ ಒಂದಿಂಚೂ ಸರಿಯಲಿಲ್ಲ. "ಹೊಡೀರಿ ಅಣ್ಣಾರ. ಆದ್ರ ಮೊದಲ ಈ ಡ್ರಮ್ಮಿನ ಮಾಲಕರನ್ನ ಕರೀರಿ. ಇದರಾಗ ಏನ್ ಕಲಸ್ತಾರ, ಒಂದ್ ಮಾತ ಕೇಳ್ರಿ."

ಗಲಾಟೆ ಕೇಳಿ ಅಕ್ಕನ ಗಂಡ ಮಂಟಪದಿಂದ ಓಡಿ ಬಂದರು. ಬಿದ್ದಿದ್ದ ಡ್ರಮ್ಮು ನೋಡಿದರು. ಮುಖ ಬಿಳಿಚಿಕೊಂಡಿತು.

"ಇದನ್ನ ಯಾರು ತಂದ್ರೋ?... ಹತ್ತಿಗೆ ಹೊಡಿಯೋ ಎಣ್ಣಿ ಇದರಾಗ ಕಲಸ್ತೀವಿ! ಮೊನ್ನೆನೂ ಕಲಸೇನಿ!"

ಎಣ್ಣಿ... ಅಂದರೆ ಬೆಳೆಗೆ ಸಿಂಪಡಿಸುವ ಕೀಟನಾಶಕ. ಸೋಪಿಗೂ ಪೂರ್ತಿ ಹೋಗದ ವಿಷ.

ಎದ್ದು ನಿಂತಿದ್ದ ಬೀಗರು ಹರಿದ ಮಜ್ಜಿಗೆಯಿಂದ ಕಾಲು ಹಿಂದಕ್ಕೆ ತೆಗೆದರು.

ನಾನು ಓಡಿ ಮಗಳ ಲೋಟ ಕಸಿದು ಬಗ್ಗಿಸಿದೆ. ಒಂದು ಹನಿಯೂ ಬೀಳಲಿಲ್ಲ. ಬೇರೆ ಯಾರಿಗೂ ಇನ್ನೂ ಬಡಿಸಿರಲಿಲ್ಲ.

ಮಗಳನ್ನು ಅವಚಿಕೊಂಡು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಅಷ್ಟು ಜನರ ಮುಂದೆ ಚಿಕ್ಕ ಮಕ್ಕಳ ಹಾಗೆ ಅತ್ತೆ. ಬೇರೆಯವರ ಕೈಯಿಂದಲ್ಲ, ನನ್ನ ಕೈಯಿಂದಲೇ ಕುಡಿಸುವವನಿದ್ದೆ...

ಸ್ವಲ್ಪ ಹೊತ್ತಿನ ಮೇಲೆ ಬೀಗರಿಗೆಂದು ಇಟ್ಟಿದ್ದ ಶಾಲು ತಂದೆ. ಫಕೀರವ್ವ ಆಗಲೇ ಮೊಣಕಾಲೂರಿ ನೆಲ ಒರೆಸುತ್ತಿದ್ದಳು. ಒಬ್ಬಳೇ. ನಾವೆಲ್ಲ ಸುತ್ತ ನಿಂತು ನೋಡುತ್ತಿದ್ದೆವು.

"ಯವ್ವಾ, ನಂದು ತಪ್ಪಾತು" ಎಂದು ಹೊದಿಸಲು ಬಗ್ಗಿದೆ.

ಅವಳು ತಲೆ ಎತ್ತಿದಳು. ಕಣ್ಣು ತುಂಬಿದ್ದವು.

"ಶಾಲು ಮನ್ಯಾಗ ಆರು ಅದಾವ್ರೀ ಅಣ್ಣಾರ. ಯಾರರ ಹೊದಸ್ತಾರ, ಫೋಟೋ ತಗಸ್ತಾರ, ಹೋಗತಾರ... ನಾ ಒಬ್ಬಾಕಿ. ನಿಮ್ಮ ಡ್ರಮ್ಮು ಒಳಗ ಬರೂ ಹೊತ್ತಿಗೆ ಹಿಂದ ಪಾಯಖಾನಿ ತೊಳ್ಯಾಕ ಹತ್ತಿದ್ದೆ. ಇನ್ನೊಂದ್ ಬಕೀಟ್ ನೀರು ಹಾಕಿ ಬರೂಣು ಅಂತ ನಿಂತಿದ್ರ... ಈ ಕೂಸು ಕುಡದ ಬಿಡತಿತ್ತು."

ಶಾಲನ್ನು ನನ್ನ ಕಡೆಗೇ ಸರಿಸಿದಳು.

"ಶಾಲು ಬ್ಯಾಡ್ರಿ... ನನ್ನ ಜೋಡಿ ಕೆಲಸಕ್ಕ ಒಬ್ಬರನ್ನ ಕೊಡ್ರಿ."

ಶಾಲು ಪಕ್ಕಕ್ಕಿಟ್ಟೆ. ರೇಷ್ಮೆ ಧೋತರ ಮೇಲೆತ್ತಿ ಕಟ್ಟಿ, ಅವಳ ಪಕ್ಕ ಕೂತು ಇನ್ನೊಂದು ಅರಿವೆ ತೆಗೆದುಕೊಂಡೆ.

"ಹಂಗಲ್ರೀ, ಮೂಲಿಯಿಂದ ಒರಸ್ರಿ" ಎಂದಳು. ಟೈಲ್ಸ್ ಮಾರುವವನಿಗೆ ನೆಲ ಒರೆಸಲು ಬರುತ್ತಿರಲಿಲ್ಲ ನೋಡಿ!

ಆಚೆ ಯಾರೋ ನೀರಿನ ಬಕೆಟ್ ತಂದು ಇಟ್ಟರು. ತಲೆ ಎತ್ತಿ ನೋಡಿದರೆ... ಗಂಡಿನ ತಂದೆ.

ಈಗ ಆ ಭವನದಲ್ಲಿ ಯಾರ ಮದುವೆ ಇದ್ದರೂ, ಊರಿನ ಎರಡು ಮನೆಯವರು ಪಾಳಿಯಂತೆ ಬಂದು ಫಕೀರವ್ವನ ಜೊತೆ ನಿಲ್ಲುತ್ತಾರೆ. ಮೊದಲ ಪಾಳಿ ಮಾಡಿದ್ದು ನನ್ನ ಅಕ್ಕ.

ಊರಿಗಾಗಿ ದುಡಿಯುವವರಿಗೆ ಹೆಗಲ ಮೇಲೆ ಶಾಲು ಬೇಡ, ಹೆಗಲಿಗೆ ಹೆಗಲು ಬೇಕು.

ನಿಮ್ಮೂರಿನ ಸಮುದಾಯ ಭವನದ ಕೀಲಿ ಯಾರ ಹತ್ತಿರ ಇದೆ? ಕಳೆದ ಸಲ ಅಲ್ಲಿ ಉಂಡು ಕೈ ತೊಳೆದು ಬರುವಾಗ, ಅವರದು ಊಟ ಆಯಿತಾ ಎಂದು ಕೇಳಿದ್ದಿರಾ...?