ಬುಧವಾರದ ಫೋನು

ವಾರಿಜಮ್ಮನ ಕಣ್ಣು ಹಳದಿಗಟ್ಟಿದ್ದನ್ನು ನೋಡಿ ಡಾಕ್ಟರು ಕೇಳಿದರು, "ನಾನು ಬರೆದುಕೊಟ್ಟದ್ದು ಬಿಟ್ಟು ಬೇರೆ ಏನಾದ್ರೂ ತಗೋತಿದ್ದೀರಾ?"

"ಲಿವರಿಗೆ ಒಳ್ಳೇದು ಅಂತ ಅರಿಶಿನದ ಕ್ಯಾಪ್ಸೂಲು. ಗಿಡಮೂಲಿಕೆ ಅಲ್ವಾ, ನಿಮಗೆ ಹೇಳಬೇಕು ಅನ್ನಿಸಲಿಲ್ಲ."

"ಅಡುಗೆಗೆ ಹಾಕೋ ಅರಿಶಿನ ಬೇರೆ, ಕ್ಯಾಪ್ಸೂಲಲ್ಲಿ ತುಂಬಿರೋ ಗಟ್ಟಿ ಸತ್ವ ಬೇರೆ. ನಿಮ್ಮ ಲಿವರಿಗೆ ಪೆಟ್ಟು ಬಿದ್ದಿರೋದೇ ಅದರಿಂದ. ಇವತ್ತೇ ನಿಲ್ಲಿಸಿ."

ಮನೆಗೆ ಬಂದು ಕ್ಯಾಪ್ಸೂಲುಗಳನ್ನೆಲ್ಲ ಕಸಕ್ಕೆ ಸುರಿದರು. ಆಮೇಲೆ ಭಯವಾಯಿತು. ಗಂಡ ತೀರಿಕೊಂಡ ಮೇಲೆ ಆ ಮನೆಯಲ್ಲಿ ಫೋನು ಹೊಡೆದುಕೊಳ್ಳುತ್ತಿದ್ದುದು ಬುಧವಾರ ಮಾತ್ರ. ಕ್ಯಾಪ್ಸೂಲು ಕಂಪನಿಯ ಹುಡುಗಿ ಮಂಜರಿ, ಡಬ್ಬಿ ಮುಗಿಯಿತೇ ಎಂದು ಕೇಳಲು ಫೋನು ಮಾಡಿದವಳು ಊಟ, ನಿದ್ದೆ, ಮಂಡಿನೋವು ಎಲ್ಲವನ್ನೂ ವಿಚಾರಿಸುತ್ತಿದ್ದಳು. ಕೊಳ್ಳದವರಿಗೆ ಅವಳು ಯಾಕಾದರೂ ಫೋನು ಮಾಡಿಯಾಳು?

ಬುಧವಾರ ಬಂತು, ಫೋನೂ ಬಂತು.

"ಅಮ್ಮಾ, ಡಾಕ್ಟರ್ ಹತ್ರ ಹೋಗ್ತೀನಿ ಅಂದಿದ್ರಲ್ಲ, ಏನಂದ್ರು?"

"ಏನಿಲ್ಲ ಕಣಮ್ಮ, ಎಲ್ಲ ಸರಿಯಾಗಿದೆಯಂತೆ. ಇನ್ನೆರಡು ಡಬ್ಬಿ ಕಳಿಸಿಬಿಡು."



"ನಾನು ಆ ಕಂಪನಿ ಬಿಟ್ಟು ಆಗಲೇ ತಿಂಗಳಾಯ್ತಮ್ಮ."