ಅತ್ತೆ ಓದಿದ ಪದಕ

ಯೋಗ್ಯತೆ ಇದ್ದವರಿಗೆ ಮನ್ನಣೆ ಸಿಕ್ಕೇ ಸಿಗುತ್ತದೆ. ಹಾಗೆ ಹೇಳುವವರೆಲ್ಲ ಆಗಲೇ ಮನ್ನಣೆ ಪಡೆದವರು ಎಂಬುದು ಬೇರೆ ಮಾತು.

ಸವಳಂಗ ರಸ್ತೆಯ ಅಂಗಡಿಯೊಂದರಿಂದ ನೆನೆಸಿದ ಬೆತ್ತದ ವಾಸನೆ ಬಂದರೆ ನನಗೆ ಈಗಲೂ ಭದ್ರಾವತಿಯ ನ್ಯೂ ಟೌನಿನ ಒಂದು ಮಧ್ಯಾಹ್ನ ನೆನಪಾಗುತ್ತದೆ. ಹತ್ತನೇ ವಯಸ್ಸಿನಲ್ಲಿ ಜ್ವರ ಬಂದು ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡಿದ್ದ ನಮ್ಮತ್ತೆ, ದೊಡ್ಡಪ್ಪನ ಅಂಗಡಿಯ ಕುರ್ಚಿಗಳಿಗೆಲ್ಲ ಬೆತ್ತ ಹೆಣೆಯುತ್ತಿದ್ದಳು. ಅಷ್ಟರೊಳಗೆ ಅಕ್ಷರ ಕಲಿತಿದ್ದರಿಂದ, ಅಂಗೈ ಮೇಲೆ ಬೆರಳಲ್ಲಿ ಬರೆದರೆ ಓದುತ್ತಿದ್ದಳು. ಅಂದು ವಸ್ತುಪ್ರದರ್ಶನದಲ್ಲಿ ಅವಳು ಹೆಣೆದ ಕುರ್ಚಿಗೆ ಮೊದಲ ಬಹುಮಾನ ಬಂದಿತ್ತು. ಪದಕವನ್ನು ದೊಡ್ಡಪ್ಪ ತಮ್ಮ ಕೊರಳಿಗೆ ಹಾಕಿಸಿಕೊಂಡು ಬಂದರು.

"ಅವಳ ಹೆಸರಿಗೇ ಬಂತು ಅಂತ ಬರಿಯೇ ಮಾರಾಯ್ತಿ. ಪಾಪ, ಖುಷಿ ಪಡ್ಲಿ," ಎಂದರು. ಬರೆದೆ.

ಅತ್ತೆಯ ಮುಖ ಅರಳಿತು. "ಎಲ್ಲಿ, ಕೊಡು ನೋಡೋಣ," ಎಂದು ಪದಕ ಇಸಿದುಕೊಂಡು, ಕೆತ್ತಿದ ಅಕ್ಷರಗಳ ಮೇಲೆ ಉಗುರು ಎಳೆದಳು. ಇನ್ನೊಮ್ಮೆ ಎಳೆದಳು.

"ನಂಗೆ ನಿನ್ ಹೆಸ್ರು ಯಾವಾಗ ಇಟ್ಟೆ, ಅಣ್ಣಾ?"

ದೊಡ್ಡಪ್ಪ ನನ್ನ ಕಡೆ ನೋಡಿದರು. ಏನಾದರೂ ಬರೆಯೋಣವೆಂದು ನಾನು ಅವಳ ಕೈ ಹಿಡಿದೆ. ಅವಳು ಮುಷ್ಟಿ ಬಿಗಿದುಕೊಂಡಳು.

ಅತ್ತೆ ಆಮೇಲೆ ಕುರ್ಚಿ ಹೆಣೆಯಲಿಲ್ಲ. ಅವಳ ಜಾಗಕ್ಕೆ ದೊಡ್ಡಪ್ಪ ಹೊಳೆಹೊನ್ನೂರಿನಿಂದ ಇಬ್ಬರು ಗಂಡಸರನ್ನು ಕರೆಸಿದರು.