ಮಾವನ ಮಡಿಲು

"ಅವನ ಕೈಗೆ ಮಗು ಕೊಡಬ್ಯಾಡ ಕಣಮ್ಮ!" ಬಾಣಂತಿ ವರ್ಷಿಣಿಯನ್ನು ನೋಡಲು ದಟ್ಟಗಳ್ಳಿಯಿಂದ ಬಂದಿದ್ದ ದೊಡ್ಡಮ್ಮ ಶಿವನಂಜಮ್ಮ ಬಾಗಿಲಲ್ಲೇ ಕೂಗಿದರು. "ಸೋಶಿಯೋಪತಿ ಅಂತೆ, ಮನಸ್ನಲ್ಲಿ ಕರುಣೆನೇ ಹುಟ್ಟದ ಕಾಯ್ಲೆ ಅಂತ ಡಾಕ್ಟ್ರೇ ಹೇಳವ್ರೆ. ಸಿನಿಮಾದಲ್ಲಿ ಕೊಲೆ ಮಾಡೋರೆಲ್ಲ ಅಂಥೋರೇ."

ವರ್ಷಿಣಿ ಕೇಳಿಸಿಕೊಂಡೂ ಮಗುವನ್ನು ಅಣ್ಣ ಶಿವಪ್ರಕಾಶನ ಮಡಿಲಲ್ಲಿಟ್ಟಳು. ದೊಡ್ಡಮ್ಮ ಅವನ ಮುಖವನ್ನೇ ನೋಡುತ್ತಿದ್ದರು. ಇಂಥ ಹೊತ್ತಿನಲ್ಲಿ ನಗಬೇಕೆಂದು ಅವನು ಬೇರೆಯವರನ್ನು ನೋಡಿ ನೋಡಿ ಕಲಿತಿದ್ದ. ಹಾಗೆ ನಕ್ಕು ನಕ್ಕೇ ದಣಿದಿದ್ದ. ಈ ಸಲ ನಗಲಿಲ್ಲ. ಮಗುವಿನ ಕತ್ತಿನ ಕೆಳಗೆ ಅಂಗೈಯನ್ನು ಮೆಲ್ಲಗೆ ಸರಿಸಿದ.

"ನಿಮ್ಮೆಲ್ಲರ ಹಾಗೆ ನಂಗೆ ಪ್ರೀತಿ ಉಕ್ಕಿ ಬರ್ತಿಲ್ಲ ಕಣೇ," ಎಂದ. "ಆದ್ರೆ ಕತ್ತು ವಾಲದ ಹಾಗೆ ಹಿಡ್ಕೊಂಡಿದೀನಿ."

"ಅಷ್ಟು ಸಾಕು ಬುಡಣ್ಣ. ಹೆರಿಗೆ ಆದಾಗಿಂದ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ," ಎಂದ ವರ್ಷಿಣಿ ಅವನ ಪಕ್ಕದಲ್ಲೇ ಚಾಪೆಯ ಮೇಲೆ ಒರಗಿ, ಕಣ್ಣು ಮುಚ್ಚಿದಳು.